ಆಟೋಮ್ಯಾಟಿಕ್ ಕಾರಿನಲ್ಲೇ ಟ್ರ್ಯಾಕಿಗಿಳಿದ ನನ್ನ ಅನುಭವ

ಮೊದಲ ಆಟೋಕ್ರಾಸ್‌ನ ಮೊದಲ ಓಟ. ನಾಲ್ಕನೇ ತಿರುವಿನ ನಟ್ಟನಡುವೆ ಕಾರು ತಾನಾಗಿಯೇ ಗೇರ್ ಬದಲಿಸಿಕೊಂಡಿತು. ತಿರುವಿಗೆ ಬರುವಾಗ ನಾನು ಆಕ್ಸಿಲರೇಟರ್ ಬಿಟ್ಟಿದ್ದೆ. ಇನ್ನು ವೇಗ ಬೇಡವೆಂದು ತಿಳಿದ ಗೇರ್‌ಬಾಕ್ಸ್ ಮೂರಕ್ಕೆ ಏರಿತು. ಹೊರಬರಲು ಪೆಡಲ್ ಒತ್ತಿದೆ, ಏನೂ ಆಗಲಿಲ್ಲ. ಇನ್ನಷ್ಟು ಒತ್ತಿದೆ. ಅರೆಕ್ಷಣ ತಡೆದು ಗೇರ್ ಎರಡಕ್ಕೆ ಇಳಿಯಿತು, ಎಂಜಿನ್ನಿನ ಬಲವೆಲ್ಲ ಒಮ್ಮೆಲೇ ಮುಂದಿನ ಚಕ್ರಗಳಿಗೆ ಬಂತು. ಆಗಲೇ ಕಾರನ್ನು ತಿರುಗಿಸಲು ಹೆಣಗುತ್ತಿದ್ದ ಆ ಚಕ್ರಗಳು ಹಿಡಿತ ಬಿಟ್ಟವು. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ಹೊರಕ್ಕೆ ಜಾರುತ್ತಾ ಹೋಗಿ ಎರಡು ಕೋನ್ ಉರುಳಿಸಿತು. ಒಂದು ಕೋನಿಗೆ 2 ಸೆಕೆಂಡ್ ದಂಡ, ಒಟ್ಟು 4.

ಓಟ ಮುಗಿಸಿ ಬಂದಾಗ ಯಾರೋ ಹೇಳಿದರು, ‘ಮ್ಯಾನ್ಯುಯಲ್ ಕಾರು ತನ್ನಿ, ಇದರಲ್ಲಿ ಆಗುವುದಿಲ್ಲ.’ ಅವತ್ತು ಅದನ್ನು ನಂಬಿ ಮನೆಗೆ ಹೋಗಿದ್ದರೆ ಈ ಬರಹ ಇರುತ್ತಿರಲಿಲ್ಲ. ಆಟೋಮ್ಯಾಟಿಕ್ ಕಾರಿನಲ್ಲಿ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಗೇರ್‌ಬಾಕ್ಸ್ ಯಾವಾಗ ಏನು ನಿರ್ಧರಿಸುತ್ತದೆ ಎಂಬುದನ್ನು ಓಡಿಸುವವರು ಅದಕ್ಕಿಂತ ಮೊದಲೇ ತಿಳಿದಿರಬೇಕು.

ಆಟೋಕ್ರಾಸ್ ನೋಡದವರಿಗೆ ಒಂದು ಮಾತು. ವಿಶಾಲವಾದ ಖಾಲಿ ಜಾಗದಲ್ಲಿ ಕೋನ್‌ಗಳನ್ನಿಟ್ಟು ದಾರಿ ಮಾಡಿರುತ್ತಾರೆ. ನಾವು ಓಡುವುದು ಗಡಿಯಾರದ ಎದುರು, ಅಕ್ಕಪಕ್ಕದಲ್ಲಿ ಇನ್ನೊಂದು ಕಾರು ಇರುವುದಿಲ್ಲ. ಒಂದು ಓಟ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸು. ತಪ್ಪಿದರೆ ಬೀಳುವುದು ಕೋನ್, ಹಾಗಾಗಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಟ್ರ್ಯಾಕ್ ಬೇರೆಯೇ. ಅಲ್ಲಿ ವೇಗ ಹೆಚ್ಚು, ಬೇರೆ ಕಾರುಗಳಿರುತ್ತವೆ, ದಾರಿ ಬಿಟ್ಟರೆ ಗೋಡೆ ಇರಬಹುದು. ಮೊದಲು ಕೋನ್, ಆಮೇಲೆ ಟ್ರ್ಯಾಕ್. ನಾನು ಆರು ಆಟೋಕ್ರಾಸ್ ಮುಗಿಸಿದ ಮೇಲಷ್ಟೇ ಟ್ರ್ಯಾಕಿಗೆ ಹೋದೆ, ಆ ಕಾಯುವಿಕೆ ವ್ಯರ್ಥವಾಗಲಿಲ್ಲ.

ನನ್ನದು ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಎಂಜಿನ್ ಬಲವನ್ನು ದಾಟಿಸುವ ಭಾಗ) ಇರುವ ಆರು ಗೇರಿನ, ಮುಂದಿನ ಚಕ್ರಗಳಿಂದ ಓಡುವ ಸಾಮಾನ್ಯ ಮನೆಬಳಕೆಯ ಕಾರು. ಎರಡನೇ ಓಟಕ್ಕೆ ಮುಂಚೆ ತರಬೇತುದಾರರು ಪಕ್ಕದಲ್ಲಿ ಕೂತರು. ಲಿವರ್ ಡಿ ಯಲ್ಲಿ ಇರುವುದನ್ನು ನೋಡಿ ಅದನ್ನು ಪಕ್ಕದ ಮ್ಯಾನ್ಯುಯಲ್ ಸ್ಥಾನಕ್ಕೆ ಸರಿಸಿದರು. ‘ಒಂದರಲ್ಲಿ ಹೊರಡಿ, ಎರಡಕ್ಕೆ ಹಾಕಿ. ಆಮೇಲೆ ಮುಗಿಯುವವರೆಗೂ ಲಿವರ್ ಮುಟ್ಟಬೇಡಿ.’ ಅಷ್ಟೇ ಮಾಡಿದೆ. ಎರಡನೇ ಗೇರಿನಲ್ಲೇ ಉಳಿದ ಕಾರು ಪೆಡಲ್ ಒತ್ತಿದ ಕೂಡಲೇ ಮಾತು ಕೇಳಿತು, ಬಿಟ್ಟ ಕೂಡಲೇ ಮೂಗು ತಗ್ಗಿಸಿ ನಿಧಾನವಾಯಿತು. ಒಂದೇ ಓಟಕ್ಕೆ, ದಂಡ ಲೆಕ್ಕಕ್ಕೆ ಸೇರಿಸದೆಯೂ, 3 ಸೆಕೆಂಡಿಗಿಂತ ಹೆಚ್ಚು ಉಳಿಯಿತು.

ಆದರೆ ‘ಮ್ಯಾನ್ಯುಯಲ್ ಮೋಡ್’ ಎಂಬ ಹೆಸರನ್ನು ಪೂರ್ತಿ ನಂಬಬಾರದು. ಹಲವು ಕಾರುಗಳಲ್ಲಿ ಎಂಜಿನ್ ತನ್ನ ವೇಗದ ಮಿತಿಯಾದ ಕೆಂಪು ಗೆರೆ ಮುಟ್ಟಿದರೆ ಗೇರ್ ತಾನೇ ಏರುತ್ತದೆ. ಪೆಡಲನ್ನು ತಳದವರೆಗೆ ಒತ್ತಿದರೆ ಕೆಲವು ಕಾರುಗಳು ಮ್ಯಾನ್ಯುಯಲ್‌ನಲ್ಲೂ ಕಿಕ್‌ಡೌನ್ ಮಾಡುತ್ತವೆ, ಅಂದರೆ ತಾವೇ ಕೆಳಗಿನ ಗೇರಿಗೆ ಇಳಿಯುತ್ತವೆ. ವೇಗ ಹೆಚ್ಚಿದ್ದಾಗ ಕೆಳಗಿನ ಗೇರ್ ಕೇಳಿದರೆ ಎಂಜಿನ್ನಿಗೆ ಪೆಟ್ಟಾಗದಿರಲೆಂದು ಕೊಡುವುದೇ ಇಲ್ಲ. ಇದನ್ನೆಲ್ಲ ತಿರುವಿನ ಮಧ್ಯೆ ಕಂಡುಕೊಳ್ಳಬಾರದು. ಅಭ್ಯಾಸದ ಓಟದ ನೇರ ಭಾಗದಲ್ಲಿ ನಾನು ಇವನ್ನು ಒಂದೊಂದಾಗಿ ಪರೀಕ್ಷಿಸಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ: ಎರಡನೇ ಗೇರ್ ಗರಿಷ್ಠ ಎಷ್ಟು ಕಿಲೋಮೀಟರ್ ವೇಗದವರೆಗೆ, ಮೂರರಿಂದ ಎರಡಕ್ಕೆ ಯಾವ ವೇಗದ ಕೆಳಗೆ ಒಪ್ಪುತ್ತದೆ, ಕೇಳಿದ ಮೇಲೆ ಕೊಡಲು ಎಷ್ಟು ಹೊತ್ತು. ಕೊನೆಯದೇ ಮುಖ್ಯ. ನನ್ನ ಗೇರ್‌ಬಾಕ್ಸ್ ತಡಮಾಡಿ ಕೊಡುತ್ತದೆ. ಆದ್ದರಿಂದ ಇಳಿಸುವ ಗೇರನ್ನು ನೇರವಾಗಿ ಬ್ರೇಕ್ ಹಾಕುತ್ತಿರುವಾಗಲೇ ಕೇಳುತ್ತೇನೆ, ಸ್ಟೀರಿಂಗ್ ತಿರುಗಿಸುವ ಹೊತ್ತಿಗೆ ಆ ಕೆಲಸ ಮುಗಿದಿರಬೇಕು.

ಬೇರೆ ಬಗೆಯ ಗೇರ್‌ಬಾಕ್ಸ್ ಇರುವ ಗೆಳೆಯರ ಕಾರುಗಳನ್ನೂ ಓಡಿಸಿ ನೋಡಿದ್ದೇನೆ. ಎರಡು ಕ್ಲಚ್ಚಿನ ಡಿಸಿಟಿ ಚುರುಕು, ಸಂದೇಹವಿಲ್ಲ. ಆದರೆ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ ಇರುವುದಾದರೆ ಸರದಿಯಲ್ಲಿ ಇಂಚಿಂಚು ತೆವಳಿಸಬಾರದು, ಕ್ಲಚ್ ಬಿಸಿಯಾಗುತ್ತದೆ. ನ್ಯೂಟ್ರಲ್‌ನಲ್ಲಿ ನಿಂತು, ಮುಂದೆ ಜಾಗವಾದಾಗ ಒಮ್ಮೆಗೇ ಸಾಗಬೇಕು. ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನಿಭಾಯಿಸುವ ಎಎಂಟಿಯಲ್ಲಿ ಗೇರ್ ಬದಲಾಗುವಾಗ ಬಲ ಪೂರ್ತಿ ಕಡಿದು ಹೋಗುತ್ತದೆ, ಆದ್ದರಿಂದ ತಿರುವಿನಲ್ಲಿ ಬದಲಾವಣೆಯೇ ಬೇಡ. ಮೆಟ್ಟಿಲಿನಂತೆ ಬೇರೆ ಬೇರೆ ಗೇರುಗಳಿಲ್ಲದೆ ಅನುಪಾತ ಸತತವಾಗಿ ಬದಲಾಗುವ ಸಿವಿಟಿ ಬಗ್ಗೆ ಹಲವರಿಗೆ ತಾತ್ಸಾರ. ಆದರೆ 1993ರಲ್ಲಿ ವಿಲಿಯಮ್ಸ್ ತಂಡ ಫಾರ್ಮುಲಾ ಒನ್ ಕಾರಿಗೆ ಸಿವಿಟಿ ಅಳವಡಿಸಿ ಪರೀಕ್ಷಿಸಿತ್ತು. 1994ರ ನಿಯಮಗಳು ಅದನ್ನು ನಿಷೇಧಿಸಿದವು. ಎಂಜಿನ್ ಸದಾ ತನ್ನ ಒಳ್ಳೆಯ ವೇಗದಲ್ಲೇ ಇರುವುದು ಓಟಕ್ಕೆ ಅನುಕೂಲವೇ. ಮನೆಬಳಕೆಯ ಸಿವಿಟಿಯಲ್ಲಿ ಪೆಡಲ್ ಬಿಟ್ಟು ಮತ್ತೆ ಒತ್ತಿದಾಗ ಆಗುವ ತಡವೇ ತೊಡಕು. ಹಾಗಾಗಿ ಅದರಲ್ಲಿ ಸ್ವಲ್ಪ ಮುಂಚೆಯೇ, ಮೆಲ್ಲಗೆ ಒತ್ತಲು ಶುರು ಮಾಡಬೇಕು.

ಆಟೋಮ್ಯಾಟಿಕ್ ಓಟದ್ದಲ್ಲ ಎನ್ನುವವರಿಗೆ ನಾನು ಹೇಳುವುದು 1966ರ ಕಥೆ. ಅಮೆರಿಕದ ಚಾಲಕ, ಕಾರು ನಿರ್ಮಾಪಕ ಜಿಮ್ ಹಾಲ್ ಅವರ ಓಟದ ಕಾರು ಚಪರಾಲ್ 2ಡಿ ಟಾರ್ಕ್ ಕನ್ವರ್ಟರ್ ಇಟ್ಟುಕೊಂಡು ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನ 1000 ಕಿಲೋಮೀಟರ್ ಓಟವನ್ನು ಗೆದ್ದಿತು. ಓಡಿಸಿದವರು ಫಿಲ್ ಹಿಲ್ ಮತ್ತು ಯೋ ಬೊನಿಯೇ. ಕ್ಲಚ್ ಪೆಡಲ್ ಬೇಕಿಲ್ಲದ ಆ ಕಾರುಗಳಲ್ಲಿ ಎಡಗಾಲು ಬ್ರೇಕಿಗೆ ಬಿಡುವಾಗಿತ್ತು.

ಆ ಎಡಗಾಲಿನ ಬ್ರೇಕ್ ನನಗೂ ಆಸೆ ಹುಟ್ಟಿಸಿತು. ಖಾಲಿ ಜಾಗದಲ್ಲಿ ಪ್ರಯತ್ನಿಸಿದೆ. ವರ್ಷಗಟ್ಟಲೆ ಕ್ಲಚ್ ತುಳಿದ ಕಾಲು ಅದು, ಬ್ರೇಕನ್ನೂ ಹಾಗೇ ತುಳಿಯಿತು. ಸೀಟ್ ಬೆಲ್ಟ್ ಎದೆಗೆ ಕಚ್ಚಿಕೊಂಡಿತು. ಕಾಲಿಗೆ ಸೂಕ್ಷ್ಮ ಬರಲು ಎರಡು ತಿಂಗಳು ಬೇಕಾಯಿತು. ಈಗಿನ ಬಹಳಷ್ಟು ಕಾರುಗಳಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಎಂಜಿನ್ ಬಲವನ್ನು ಕತ್ತರಿಸುತ್ತದೆ, ಸುರಕ್ಷತೆಗಾಗಿ ಇಟ್ಟ ವ್ಯವಸ್ಥೆ ಅದು. ಹಾಗಾಗಿ ಒಂದನ್ನು ಬಿಟ್ಟೇ ಇನ್ನೊಂದನ್ನು ಒತ್ತುತ್ತೇನೆ. ಹೊಸಬರು ಮೊದಲ ಕೆಲವು ಓಟಗಳಲ್ಲಿ ಬಲಗಾಲಿನಲ್ಲೇ ಬ್ರೇಕ್ ಹಾಕಲಿ.

ಗೇರಿನ ಚಿಂತೆ ತಗ್ಗಿದಾಗ ಉಳಿಯುವ ಗಮನವೆಲ್ಲ ಕಣ್ಣಿಗೆ ಹೋಗಬೇಕು. ಆಟೋಮ್ಯಾಟಿಕ್ ಕಾರು ಹೊಸಬರಿಗೆ ಕೊಡುವ ದೊಡ್ಡ ಉಡುಗೊರೆ ಇದು ಎಂಬುದು ನನ್ನ ದೃಢ ಅಭಿಪ್ರಾಯ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತದೆ. ಎದುರಿನ ಕೋನ್ ನೋಡುತ್ತಾ ಕೂತರೆ ಅದು ಆಗಲೇ ಮುಗಿದ ಕೆಲಸ. ಹಾವಿನಂತೆ ಹೊರಳುವ ಸ್ಲಾಲಮ್‌ನಲ್ಲಿ ನನಗೆ ಪ್ರತಿ ಕೋನೂ ತಡವಾಗುತ್ತಿತ್ತು, ಕೊನೆಯ ಕೋನಿಗೆ ಕಾರು ಮೀಟರುಗಟ್ಟಲೆ ಆಚೆ ಹೋಗುತ್ತಿತ್ತು. ತರಬೇತುದಾರರು ಸ್ಟೀರಿಂಗ್ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ಮೂರನೇ ಕೋನ್ ನೋಡಿ. ಮೊದಲನೆಯದನ್ನು ದಾಟುವ ಮುಂಚೆಯೇ ವಾಪಸ್ ತಿರುಗಿಸಲು ಶುರು ಮಾಡಿ’ ಎಂದರು. ಹಾಗೆ ಮಾಡಿದ ಓಟದಲ್ಲಿ ಕಾರು ಕೋನಿನ ಪಕ್ಕಕ್ಕೆ ಬರುವಷ್ಟರಲ್ಲಿ ಆಗಲೇ ಮುಂದಿನದಕ್ಕೆ ಮುಖ ಮಾಡಿತ್ತು. ಅಂದಿನಿಂದ ಕೋರ್ಸನ್ನು ಕಾಲ್ನಡಿಗೆಯಲ್ಲಿ ಕನಿಷ್ಠ ಮೂರು ಸಲ ಸುತ್ತುತ್ತೇನೆ. ಒಂದು ಸಲವಾದರೂ ಚಾಲಕರ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡುತ್ತೇನೆ, ನಿಂತಾಗ ಸ್ಪಷ್ಟವಾಗಿ ಕಾಣುವ ದಾರಿ ಕೂತಾಗ ಕೋನ್‌ಗಳ ರಾಶಿಯಂತೆ ಕಾಣುತ್ತದೆ.

ಟ್ರ್ಯಾಕಿನಲ್ಲಿ ಕಲಿತ ಪಾಠ ಬಿಸಿಯದ್ದು. ನಾಲ್ಕನೇ ಲ್ಯಾಪಿನಲ್ಲಿ ಬ್ರೇಕ್ ಪೆಡಲ್ ಹತ್ತಿಯಂತೆ ಮೆತ್ತಗಾಯಿತು. ತಳದ ಹತ್ತಿರ ಹೋದ ಮೇಲೆ ಸ್ವಲ್ಪ ಹಿಡಿಯಿತು. ಆ ಕ್ಷಣದ ಭಯ ಈಗಲೂ ಮೈಯಲ್ಲಿದೆ. ಎರಡು ಮೂರು ಸಲ ಪಂಪ್ ಮಾಡಿ, ಕೈ ಎತ್ತಿ ಸನ್ನೆ ಕೊಟ್ಟು, ನಿಧಾನವಾಗಿ ಒಳಗೆ ಬಂದೆ. ಕಾರಣ ಸರಳ. ಕಾರನ್ನು 120ರಿಂದ 60ಕ್ಕೆ ಇಳಿಸಿದರೆ ಅದರ ಚಲನಶಕ್ತಿಯ ಮುಕ್ಕಾಲು ಭಾಗ ಹೋಗುತ್ತದೆ, ಅದರಲ್ಲಿ ಹೆಚ್ಚಿನದು ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಗೇರ್ ಇಳಿಸಿ ಎಂಜಿನ್ನಿನಿಂದ ವೇಗ ತಗ್ಗಿಸುವುದು ನನ್ನ ಕಾರಿನಲ್ಲಿ ಕಡಿಮೆ, ಬ್ರೇಕಿನ ಮೇಲೆಯೇ ಹೊರೆ. ಜೊತೆಗೆ ಬ್ರೇಕ್ ಆಯಿಲ್ ಹಳೆಯದಾಗಿತ್ತು. ಅದು ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದಾಗ ಹುಟ್ಟುವ ಆವಿ ಅದುಮಿದರೆ ಅದುಮಿಕೊಳ್ಳುತ್ತದೆ, ಪೆಡಲ್ ಒಳಗೆ ಹೋಗುತ್ತದೆ. ಈಗ ಪ್ರತಿ ಟ್ರ್ಯಾಕ್ ದಿನಕ್ಕೆ ಮುಂಚೆ ಹೊಸ ಆಯಿಲ್ ಹಾಕಿಸಿ ಪ್ಯಾಡಿನ ದಪ್ಪ ನೋಡುತ್ತೇನೆ. ಕಾರಿನ ಬಲ ಹೆಚ್ಚಿಸುವ ಯಾವುದಕ್ಕೂ ಮುಂಚೆ ಖರ್ಚು ಮಾಡಬೇಕಾದ ಜಾಗ ಇದು.

ಗೇರ್‌ಬಾಕ್ಸಿಗೂ ಇದೇ ಕಥೆ. ಟಾರ್ಕ್ ಕನ್ವರ್ಟರ್ ಜಾರುವಾಗ ಅದರೊಳಗಿನ ಎಣ್ಣೆ ಕಾಯುತ್ತದೆ. ನಾನು ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ರೀಡರ್ ಚುಚ್ಚಿ ಆ ಎಣ್ಣೆಯ ತಾಪಮಾನ ನೋಡಲು ಶುರು ಮಾಡಿದೆ. ನನ್ನ ಕಾರಿಗೆ ನಾನೇ ಇಟ್ಟುಕೊಂಡ ಮಿತಿ 120 ಡಿಗ್ರಿ. ಅದು ಬಂದರೆ ಎಷ್ಟೇ ಒಳ್ಳೆಯ ಲ್ಯಾಪ್ ಸಾಗುತ್ತಿದ್ದರೂ ವೇಗ ತಗ್ಗಿಸುತ್ತೇನೆ. ಒಂದು ಬಿಸಿಲಿನ ದಿನ ಹಾಗೆ ಮಾಡದೆ ಇನ್ನೊಂದು ಲ್ಯಾಪ್ ಎಳೆದೆ. ಎಚ್ಚರಿಕೆಯ ದೀಪ ಹತ್ತಿತು, ಕಾರು ಒಂದೇ ಗೇರಿಗೆ ಅಂಟಿಕೊಂಡಿತು, ಆ ದಿನ ಅಲ್ಲಿಗೆ ಮುಗಿಯಿತು. ಈಗ ಎರಡು ವೇಗದ ಲ್ಯಾಪ್, ಒಂದು ತಣ್ಣಗಾಗುವ ಲ್ಯಾಪ್ ಎಂಬ ಲೆಕ್ಕದಲ್ಲಿ ಓಡಿಸುತ್ತೇನೆ. ಗೇರ್‌ಬಾಕ್ಸ್ ಎಣ್ಣೆಯನ್ನು ಕೈಪಿಡಿ ಹೇಳುವುದಕ್ಕಿಂತ ಬಹಳ ಬೇಗ ಬದಲಿಸುತ್ತೇನೆ. ಬ್ರೇಕ್ ಒತ್ತಿ ಹಿಡಿದು ಎಂಜಿನ್ ಏರಿಸಿ ಚಿಮ್ಮುವ ಸ್ಟಾರ್ಟ್ ನಾನು ಮಾಡುವುದಿಲ್ಲ. ಅದರಲ್ಲಿ ಗಳಿಸುವ ಚೂರು ಹೊತ್ತಿಗೆ ಕನ್ವರ್ಟರ್ ತೆರುವ ಬೆಲೆ ಜಾಸ್ತಿ.

ಉಳಿದದ್ದು ಬೇಗ ಹೇಳುತ್ತೇನೆ. ಕಾರಿನೊಳಗೆ ಸಡಿಲವಾಗಿ ಏನೂ ಇರಬಾರದು, ಪೆಡಲ್ ಕೆಳಗೆ ಉರುಳಿ ಬರುವ ನೀರಿನ ಬಾಟಲಿಗಿಂತ ಅಪಾಯದ್ದು ಇನ್ನೊಂದಿಲ್ಲ. ಮ್ಯಾಟ್ ತೆಗೆಯಿರಿ. ಹೆಲ್ಮೆಟ್ ಯಾವ ದರ್ಜೆಯದ್ದಿರಬೇಕೆಂದು ಆಯೋಜಕರನ್ನು ಮೊದಲೇ ಕೇಳಿ. ನಿಮ್ಮ ವಿಮೆ ಟ್ರ್ಯಾಕಿಗೆ ಅನ್ವಯಿಸುವುದೇ ಎಂದು ಪಾಲಿಸಿ ಓದಿ, ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಬಾವುಟಗಳನ್ನು ಬಾಯಿಪಾಠ ಮಾಡಿ: ಹಳದಿ ಎಂದರೆ ಮುಂದೆ ಅಪಾಯ, ಹಿಂದಿಕ್ಕಬಾರದು, ಕೆಂಪು ಎಂದರೆ ಓಟ ನಿಂತಿತು, ಕಪ್ಪು ತೋರಿಸಿದರೆ ಒಳಗೆ ಬನ್ನಿ. ಸ್ಥಿರತೆ ಕಾಪಾಡುವ ಇಎಸ್‌ಸಿ ಆರಿಸಬೇಡಿ. ಅದರ ದೀಪ ಮಿಣುಕುವ ತಿರುವುಗಳನ್ನು ಗುರುತಿಟ್ಟುಕೊಳ್ಳಿ, ಅಲ್ಲೆಲ್ಲ ನಿಮ್ಮ ಕೈಯೋ ಕಾಲೋ ಒರಟಾಗಿದೆ. ನನ್ನದು ಮೊದಲ ದಿನ ಐದು ತಿರುವುಗಳಲ್ಲಿ ಮಿಣುಕುತ್ತಿತ್ತು, ಕಳೆದ ಸಲ ಒಂದರಲ್ಲಿ.

ಆ ಒಂದು ತಿರುವು ಇನ್ನೂ ನನ್ನ ಕೈಗೆ ಬಂದಿಲ್ಲ. ಉದ್ದ ನೇರದ ಕೊನೆಯಲ್ಲಿ ಬಲಕ್ಕೆ ಬಿಗಿಯಾಗುತ್ತಾ ಹೋಗುವ ತಿರುವು ಅದು. ನಾನು ಒಳಅಂಚನ್ನು ಬೇಗ ಮುಟ್ಟಿಬಿಡುತ್ತೇನೆ, ಆಮೇಲೆ ದಾರಿ ಸಾಲದೆ ಪೆಡಲ್ ಬಿಡುತ್ತೇನೆ. ಕಳೆದ ಸಲ ಕೊನೆಯ ಸರದಿ ಮುಗಿಸಿ ಬಂದಾಗ ಬ್ರೇಕ್ ಡಿಸ್ಕ್‌ಗಳು ಕಾದಿದ್ದವು. ಹ್ಯಾಂಡ್‌ಬ್ರೇಕ್ ಎಳೆಯದೆ ಪಿ ಗೆ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು, ಬಾನೆಟ್ ಎತ್ತಿ ನಿಂತೆ. ಟೈರ್ ತಣ್ಣಗಾಗುವವರೆಗೆ ಹಾಳೆ ತೆಗೆದು ಆ ತಿರುವಿನ ಚಿತ್ರ ಬರೆದು, ಬ್ರೇಕ್ ಹಾಕುವ ಜಾಗವನ್ನು ಒಂದು ಕಾರಿನಷ್ಟು ಹಿಂದಕ್ಕೆ, ಸ್ಟೀರಿಂಗ್ ತಿರುಗಿಸುವ ಜಾಗವನ್ನು ಎರಡು ಕಾರಿನಷ್ಟು ಮುಂದಕ್ಕೆ ಗುರುತು ಮಾಡಿದೆ. ಆಮೇಲೆ ಟೈರುಗಳ ಗಾಳಿಯನ್ನು ರಸ್ತೆಯ ಮಟ್ಟಕ್ಕೆ ಸರಿಮಾಡಿ, ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡಿ, ಲಿವರನ್ನು ಡಿ ಗೆ ತಂದು ಮನೆ ಕಡೆ ಹೊರಟೆ.