ಟ್ರಸ್ಟ್ ಎಂದರೆ ದತ್ತಿಯಲ್ಲ: ಅಮೆರಿಕದ ಇತಿಹಾಸಕ್ಕೆ ಕನ್ನಡದಲ್ಲಿ ಟಿಪ್ಪಣಿ ಬರೆದ ನನ್ನ ಅನುಭವ

ಕನ್ನಡ ಮಾಧ್ಯಮದ ಬಿ.ಎ. ವಿದ್ಯಾರ್ಥಿಗಳಿಗೆ ಅಮೆರಿಕದ ಇತಿಹಾಸವನ್ನು ಪಾಠ ಮಾಡಲು ತೊಡಗಿದ ವರ್ಷ, ಕೈಗಾರಿಕೀಕರಣದಿಂದ ಮೊದಲ ಮಹಾಯುದ್ಧದವರೆಗಿನ ಭಾಗಕ್ಕೆ ನಾನೇ ಟಿಪ್ಪಣಿ ಸಿದ್ಧಪಡಿಸಿದೆ. ಇಂಗ್ಲಿಷ್ ಪಠ್ಯಗಳನ್ನು ಮುಂದಿಟ್ಟುಕೊಂಡು ನಿಘಂಟು ನೋಡಿ ಪದಕ್ಕೆ ಪದ ಕೂಡಿಸಿ ಬರೆದ ಆ ಟಿಪ್ಪಣಿ ಮೊದಲ ಕಿರುಪರೀಕ್ಷೆಯಲ್ಲೇ ಸೋತಿತು. ಟ್ರಸ್ಟ್‌ಗಳ ಬೆಳವಣಿಗೆಯನ್ನು ವಿವರಿಸಿ ಎಂಬ ಪ್ರಶ್ನೆಗೆ ಹಲವರು, ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಒಡೆಯ ರಾಕ್‌ಫೆಲ್ಲರ್ ತನ್ನ ಆಸ್ತಿಯನ್ನು ದಾನಧರ್ಮಕ್ಕೆಂದು ಟ್ರಸ್ಟಿಗೆ ಬರೆದುಕೊಟ್ಟನೆಂದು ಉತ್ತರಿಸಿದ್ದರು. ತಪ್ಪು ಅವರದಾಗಿರಲಿಲ್ಲ. ದೇವಸ್ಥಾನದ ಟ್ರಸ್ಟ್, ಮಠದ ಟ್ರಸ್ಟ್, ಶಾಲೆ ನಡೆಸುವ ಟ್ರಸ್ಟ್, ಹೀಗೆ ಅವರು ಕಂಡಿದ್ದ ಟ್ರಸ್ಟುಗಳೆಲ್ಲ ಆ ಬಗೆಯವೇ. ನಾನು ‘ವಿಶ್ವಸ್ತ ಮಂಡಳಿ’ ಎಂದು ಬರೆದು ಆ ಕಲ್ಪನೆಯನ್ನು ಇನ್ನಷ್ಟು ಗಟ್ಟಿ ಮಾಡಿದ್ದೆ.

ಮರುವರ್ಷ ಕ್ರಮ ಬದಲಿಸಿದೆ. ಒಂದು ಸಂಸ್ಥೆ ಅಥವಾ ಕಾಯ್ದೆ ಏನು ಕೆಲಸ ಮಾಡುತ್ತಿತ್ತು ಎಂಬುದನ್ನು ಮೊದಲು ತೋರಿಸಿ, ಅದರ ಹೆಸರನ್ನು ಕೊನೆಗೆ ಹೇಳುವುದೆಂದು ನಿಶ್ಚಯಿಸಿಕೊಂಡೆ.

ಪಾಠವನ್ನು ಸೀಮೆಎಣ್ಣೆಯಿಂದ ಆರಂಭಿಸಿದೆ. ಲಾಟೀನಿಗೆ ಸುರಿಯುವ ಆ ಎಣ್ಣೆಯೇ 1870ರಲ್ಲಿ ಒಹಾಯೊ ರಾಜ್ಯದಲ್ಲಿ ಸ್ಥಾಪನೆಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಮುಖ್ಯ ಸರಕಾಗಿತ್ತು ಮತ್ತು ಹತ್ತೇ ವರ್ಷಗಳಲ್ಲಿ ದೇಶದ ತೈಲ ಸಂಸ್ಕರಣೆಯ ಸುಮಾರು ಶೇ. 90 ಭಾಗ ಅದರ ಹಿಡಿತಕ್ಕೆ ಬಂದಿತ್ತು. ಆ ಕಂಪನಿ 1882ರಲ್ಲಿ ಮಾಡಿಕೊಂಡ ಒಪ್ಪಂದವನ್ನು ವಿವರಿಸಲು ತರಗತಿಯನ್ನೇ ಬಳಸಿಕೊಂಡೆ. ಒಬ್ಬೊಬ್ಬ ವಿದ್ಯಾರ್ಥಿಯೂ ಒಂದೊಂದು ಕಂಪನಿ. ನೋಟ್‌ಬುಕ್ಕಿನ ಹಾಳೆ ಹರಿದು ಮಾಡಿದ ಚೀಟಿಗಳು ಅವರ ಷೇರುಗಳು. ಮುಂದಿನ ಬೆಂಚುಗಳಲ್ಲಿ ಒಂಬತ್ತು ಮಂದಿಯನ್ನು ಕೂರಿಸಿ, ಉಳಿದವರೆಲ್ಲರೂ ತಮ್ಮ ಚೀಟಿಗಳನ್ನು ಅವರ ಕೈಗೊಪ್ಪಿಸಿ ಬದಲಿಗೆ ರಸೀದಿ ಪಡೆಯುವಂತೆ ಮಾಡಿದೆ. ಕಂಪನಿಗಳ ಹೆಸರು ಹಾಗೆಯೇ ಉಳಿದವು, ಲಾಭದ ಪಾಲೂ ರಸೀದಿಗೆ ತಕ್ಕಂತೆ ಬರುತ್ತಿತ್ತು, ಆದರೆ ಯಾವ ಕಾರ್ಖಾನೆ ನಡೆಯಬೇಕು, ಯಾವುದು ಮುಚ್ಚಬೇಕು ಎಂಬುದನ್ನು ಆ ಒಂಬತ್ತು ಜನರೇ ನಿರ್ಧರಿಸುತ್ತಿದ್ದರು. ಸ್ಟ್ಯಾಂಡರ್ಡ್ ಆಯಿಲ್ ಟ್ರಸ್ಟಿನಲ್ಲಿ ಸುಮಾರು ನಲವತ್ತು ಕಂಪನಿಗಳ ಮೇಲೆ ಇದ್ದ ಟ್ರಸ್ಟಿಗಳೂ ಒಂಬತ್ತೇ ಮಂದಿ. ಇಷ್ಟಾದ ಮೇಲೆ ‘ಟ್ರಸ್ಟ್’ ಎಂದು ಹಲಗೆಯ ಮೇಲೆ ಬರೆದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ: “ಸೀಮೆಎಣ್ಣೆ ಬೆಲೆ ಇಳೀತಲ್ಲ ಸರ್, ಮತ್ತೆ ತಪ್ಪೇನು?” ಬೆಲೆ ಇಳಿದದ್ದು ನಿಜವಾದ್ದರಿಂದ ಆ ಪ್ರಶ್ನೆಗೆ ಇಡೀ ಒಂದು ತರಗತಿಯನ್ನು ಮೀಸಲಿಟ್ಟೆ. ರೈಲ್ವೆ ಕಂಪನಿಗಳು ಸ್ಟ್ಯಾಂಡರ್ಡ್ ಆಯಿಲ್‌ಗೆ ಸಾಗಣೆ ದರದಲ್ಲಿ ಗುಟ್ಟಾಗಿ ರಿಯಾಯಿತಿ ಕೊಡುತ್ತಿದ್ದುದನ್ನೂ, ಪ್ರತಿಸ್ಪರ್ಧಿ ಕಟ್ಟಿದ ಬಾಡಿಗೆಯಲ್ಲೂ ಒಂದು ಪಾಲು ಕೆಲವೊಮ್ಮೆ ಅದರ ಕೈಸೇರುತ್ತಿದ್ದುದನ್ನೂ ಲೆಕ್ಕ ಹಾಕಿ ತೋರಿಸಿದೆ. 1902ರಿಂದ ಪತ್ರಕರ್ತೆ ಐಡಾ ಟಾರ್ಬೆಲ್ ದಾಖಲೆಗಳನ್ನು ಜಾಲಾಡಿ ಪತ್ರಿಕೆಯಲ್ಲಿ ಕಂತು ಕಂತಾಗಿ ಬಯಲಿಗೆಳೆದದ್ದು ಇಂಥ ವ್ಯವಹಾರಗಳನ್ನು. ಏಕಸ್ವಾಮ್ಯವನ್ನು ತಡೆಯುವ 1890ರ ಶರ್ಮನ್ ಕಾಯ್ದೆಯಡಿ 1911ರಲ್ಲಿ ಸುಪ್ರೀಂ ಕೋರ್ಟು ಆ ಸಂಸ್ಥೆಯನ್ನು 34 ಕಂಪನಿಗಳಾಗಿ ಒಡೆಯಿತೆಂಬುದನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಬೇಕಾಗಿ ಬರಲಿಲ್ಲ.

‘ಸುಧಾರಣೆ’ ಎಂಬ ಪದವೂ ತೊಡಕು ತಂದಿತು. ನಮ್ಮ ಮಕ್ಕಳಿಗೆ ಸುಧಾರಣೆ ಎಂದೊಡನೆ ಸತಿ ಪದ್ಧತಿ, ಬಾಲ್ಯವಿವಾಹ ನೆನಪಾಗುತ್ತವೆ. ‘ಪ್ರಗತಿಶೀಲ’ ಎಂದರೆ ಅ.ನ.ಕೃ. ಕಾಲದ ಸಾಹಿತ್ಯ ಚಳವಳಿ. ಹೀಗಾಗಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾಯ್ದೆಗಳ ಮೂಲಕ ಉದ್ಯಮಗಳಿಗೆ ಅಂಕುಶ ಹಾಕಿದ ಅಮೆರಿಕದ ಪ್ರಗತಿಶೀಲ ಯುಗವನ್ನು ನಾನು ಒಂದು ಬಾಗಿಲಿನಿಂದ ಆರಂಭಿಸುತ್ತೇನೆ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಎಂಬ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದಾಗ ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕೆಲಸಗಾರರೆಲ್ಲ ಒಂದೇ ದಾರಿಯಲ್ಲಿ ಹೊರಗೆ ಹೋಗುವಂತೆ ಮಾಡಿ ಅವರ ಚೀಲಗಳನ್ನು ತಪಾಸಣೆ ಮಾಡುವುದಕ್ಕಾಗಿ ಆ ಬೀಗ. ಅಗ್ನಿಶಾಮಕ ದಳದ ಏಣಿ ಆರನೇ ಮಹಡಿಯವರೆಗೆ ಮಾತ್ರ ಎಟುಕಿತು. 146 ಮಂದಿ ಸತ್ತರು. ಹೆಚ್ಚಿನವರು ವಲಸೆ ಬಂದ ಯೆಹೂದಿ ಮತ್ತು ಇಟಾಲಿಯನ್ ಹುಡುಗಿಯರು. ನಾನು ಇದನ್ನು ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ, ಗಾರ್ಮೆಂಟ್ಸಿಗೆ ಹೋಗುವ ತನ್ನ ಅಕ್ಕನ ಚೀಲವನ್ನೂ ಸಂಜೆ ಗೇಟಿನಲ್ಲಿ ನೋಡುತ್ತಾರೆಂದು ಹೇಳಿ ಸುಮ್ಮನಾದಳು. ಆ ಬೆಂಕಿಯನ್ನು ಬೀದಿಯಲ್ಲಿ ನಿಂತು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ರಾಜ್ಯದ ತನಿಖಾ ಆಯೋಗದೊಂದಿಗೆ ದುಡಿದರು, ಮುಂದೆ 1933ರಲ್ಲಿ ದೇಶದ ಕಾರ್ಮಿಕ ಸಚಿವೆಯಾದರು. ಕಾರ್ಖಾನೆಯ ಬೆಂಕಿಯಿಂದ ಕೆಲಸಗಾರರನ್ನು ಕಾಪಾಡುವಂಥ ಕಾಯ್ದೆಗಳೇ ಆ ಕಾಲದ ಸುಧಾರಣೆ ಎಂದಾಗ ಯಾರೂ ಅದನ್ನು ಸತಿ ಪದ್ಧತಿಯೊಡನೆ ಬೆರೆಸಲಿಲ್ಲ.

ಸಾಗರೋತ್ತರ ವಿಸ್ತರಣೆಯ ಅಧ್ಯಾಯದಲ್ಲಿ ನನಗೆ ಅತಿ ಕಷ್ಟವಾದದ್ದು ಅಧ್ಯಕ್ಷ ಮೆಕಿನ್ಲಿ ಫಿಲಿಪೀನ್ಸಿನ ಬಗ್ಗೆ 1898ರ ಡಿಸೆಂಬರ್ 21ರ ಘೋಷಣೆಯಲ್ಲಿ ಬಳಸಿದ ‘ಬೆನೆವೊಲೆಂಟ್ ಅಸಿಮಿಲೇಷನ್’ ಎಂಬ ಮಾತು. ‘ಹಿತಬಯಸುವ ವಿಲೀನ’ ಎಂದು ಕನ್ನಡಿಸಿ ಓದಿದಾಗ, ಯಾರ ಹಿತವನ್ನು ಯಾರು ಬಯಸಿದ್ದು ಎಂದು ವಿದ್ಯಾರ್ಥಿಗಳೇ ಕೇಳಿದರು. ಫಿಲಿಪೀನ್ಸಿನವರು ಆ ಜೂನ್‌ನಲ್ಲೇ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದರು. ಸ್ಪೇನಿನೊಂದಿಗಿನ ಯುದ್ಧವನ್ನು ಮುಗಿಸಿದ ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಲ್ಲಿ ಅಮೆರಿಕ 2 ಕೋಟಿ ಡಾಲರ್ ಕೊಟ್ಟು ಅದೇ ದ್ವೀಪಗಳನ್ನು ಸ್ಪೇನಿನಿಂದ ಪಡೆಯಿತು. 1899ರಲ್ಲಿ ಫಿಲಿಪೀನ್ಸಿನವರೊಂದಿಗೆ ಆರಂಭವಾದ ಕಾಳಗವನ್ನು ಅಮೆರಿಕ ಸರ್ಕಾರ ‘ದಂಗೆ’ ಎಂದು ಕರೆಯಿತು. ಇಲ್ಲಿ ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ: 1857ನ್ನು ಸಿಪಾಯಿ ದಂಗೆ ಎನ್ನುವುದಕ್ಕೂ ಸ್ವಾತಂತ್ರ್ಯ ಸಂಗ್ರಾಮ ಎನ್ನುವುದಕ್ಕೂ ಇರುವ ಅಂತರ ಅವರಿಗೆ ಹೈಸ್ಕೂಲಿನಿಂದಲೇ ಗೊತ್ತು. ಟಿಪ್ಪಣಿಯಲ್ಲಿ ‘ಫಿಲಿಪೀನ್ಸ್ ಯುದ್ಧ’ ಎಂದು ತಿದ್ದಿದೆ.

ಮಹಾಯುದ್ಧದ ಕದನಗಳನ್ನು ನಾನು ಬೇಗ ಮುಗಿಸುತ್ತೇನೆ. 1917ರ ಏಪ್ರಿಲ್ 6ರ ಯುದ್ಧ ಘೋಷಣೆಯ ನಂತರ ಟ್ರಸ್ಟುಗಳನ್ನು ಒಡೆದ ಸರ್ಕಾರವೇ ಯುದ್ಧ ಕೈಗಾರಿಕಾ ಮಂಡಳಿಯ ಮೂಲಕ ಉದ್ಯಮಿಗಳನ್ನು ಒಟ್ಟಿಗೆ ಕೂರಿಸಿತು, ವರ್ಷದ ಕೊನೆಗೆ ರೈಲ್ವೆಯನ್ನೂ ತನ್ನ ವಶಕ್ಕೆ ತೆಗೆದುಕೊಂಡಿತು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಹೆಚ್ಚು ಹೊತ್ತು ನಿಲ್ಲುವುದು 1918ರ ಸೆಡಿಷನ್ ಕಾಯ್ದೆಯ ಬಳಿ. ಅದನ್ನು ನಾನು ‘ರಾಜದ್ರೋಹ ಕಾಯ್ದೆ’ ಎಂದು ಬರೆದಿದ್ದೆ. ಅಮೆರಿಕದಲ್ಲಿ ರಾಜನೇ ಇಲ್ಲವಲ್ಲ ಎಂದು ಒಬ್ಬಳು ತಡೆದಳು. ಆ ಪದ ನಮಗೆ ಬ್ರಿಟಿಷರ ಕಾನೂನಿನಿಂದ ಬಂದದ್ದು. 1908ರಲ್ಲಿ ತಿಲಕರಿಗೆ ಆರು ವರ್ಷದ ಶಿಕ್ಷೆಯಾದದ್ದು ಅದೇ ಆರೋಪದ ಮೇಲೆ. ಸಮಾಜವಾದಿ ನಾಯಕ ಯುಜೀನ್ ಡೆಬ್ಸ್ 1918ರ ಜೂನ್‌ನಲ್ಲಿ ಒಹಾಯೊದ ಕ್ಯಾಂಟನ್ ಊರಿನಲ್ಲಿ ಯುದ್ಧದ ವಿರುದ್ಧ ಭಾಷಣ ಮಾಡಿದ್ದಕ್ಕೆ ಹತ್ತು ವರ್ಷದ ಶಿಕ್ಷೆ ಪಡೆದು, 1920ರಲ್ಲಿ ಸೆರೆಮನೆಯಿಂದಲೇ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ 9 ಲಕ್ಷಕ್ಕೂ ಹೆಚ್ಚು ಮತ ಗಳಿಸಿದರು. ಇಬ್ಬರ ಹೆಸರನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಯಾವ ಪದ ಸರಿಯೆಂದು ಅರ್ಧ ಗಂಟೆ ಚರ್ಚಿಸಿದೆವು. ಈಗ ನನ್ನ ಟಿಪ್ಪಣಿಯಲ್ಲಿ ‘ಸೆಡಿಷನ್’ ಹಾಗೆಯೇ ಇದೆ. ಅದರ ಮುಂದೆ, ಸರ್ಕಾರದ ವಿರುದ್ಧ ಆಡಿದ ಮಾತನ್ನು ಅಪರಾಧವೆನ್ನುವ ಕಾಯ್ದೆ ಎಂದು ಅಂದು ತಡೆದ ಆ ವಿದ್ಯಾರ್ಥಿನಿ ಹೇಳಿದ ವಾಕ್ಯವನ್ನೇ ಬರೆದಿದ್ದೇನೆ.