ಎದೆಪಟ್ಟಿ, ಹೂಮಳೆ, ಹಾಕಿ: ಎಚ್‌ಆರ್‌ವಿ ನನ್ನ ಹಿಡಿತಕ್ಕೆ ಬಂದ ಬಗೆ

ಕೊಡಗಿನ ಮನೆತನಗಳು ಆಡುವ ಕೌಟುಂಬಿಕ ಹಾಕಿ ಟೂರ್ನಿಯಲ್ಲಿ ಈ ಸಲ ನಮ್ಮ ಒಕ್ಕದ (ಮನೆತನದ) ತಂಡ ಮೂರನೇ ಪಂದ್ಯಕ್ಕೇ ಮನೆಗೆ ಬಂತು. ಅದಕ್ಕೆ ನನಗೆ ಬೇಜಾರಿಲ್ಲ. 46 ದಾಟಿದ ನಾನು ಮೂರೂ ಪಂದ್ಯ ಪೂರ್ತಿ ಓಡಿದೆ, ತೊಡೆಯ ಹಿಂದಿನ ಸ್ನಾಯು ಒಮ್ಮೆಯೂ ಸೆಳೆಯಲಿಲ್ಲ. ಅದಕ್ಕೂ ಮುಂಚಿನ ನಾಲ್ಕು ವರ್ಷಗಳಲ್ಲಿ ಮೂರು ಸಲ ನಾನು ತೊಡೆಗೆ ಐಸ್ ಇಟ್ಟುಕೊಂಡು ಗ್ಯಾಲರಿಯಲ್ಲಿ ಕೂತವನು. ದೊಡ್ಡಪ್ಪನ ಮಗ, ಸೇನೆಯಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು, ಎರಡು ವರ್ಷದಿಂದ ಒಂದೇ ಮಾತು: "ಎದೆಗೆ ಬೆಲ್ಟ್ ಕಟ್ಟಿ ದಿನಾ ಜಾತಕ ನೋಡ್ತೀಯಲ್ಲ ಮಾರಾಯಾ, ಎದ್ದು ನಾಲ್ಕು ರೌಂಡ್ ಓಡು." ಅವರಿಗೂ ಉತ್ತರ ಆದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ಆ ಬೆಲ್ಟ್, ಅಂದರೆ ಎದೆಪಟ್ಟಿ, ಅಳೆಯುವುದು ಎಚ್‌ಆರ್‌ವಿ: ಒಂದು ಹೃದಯಬಡಿತಕ್ಕೂ ಮುಂದಿನದಕ್ಕೂ ನಡುವಿನ ಸಮಯ ಎಷ್ಟು ಏರುಪೇರಾಗುತ್ತದೆ ಅನ್ನುವ ಲೆಕ್ಕ. ಸಾಮಾನ್ಯವಾಗಿ ದೇಹ ದಣಿದಾಗ ಇದು ಇಳಿಯುತ್ತದೆ, ಸುಧಾರಿಸಿಕೊಂಡಾಗ ಏರುತ್ತದೆ. ಕೆಳಗಿರುವ ಎಚ್‌ಆರ್‌ವಿ ಅಂಕಿಗಳೆಲ್ಲ ಆರ್‌ಎಂಎಸ್‌ಎಸ್‌ಡಿ (ಒಂದರ ಹಿಂದೊಂದು ಬರುವ ಬಡಿತದ ಅಂತರಗಳ ವ್ಯತ್ಯಾಸದ ಒಂದು ಬಗೆಯ ಸರಾಸರಿ), ಮಿಲಿಸೆಕೆಂಡಿನಲ್ಲಿ, ಹೆಚ್ಚುಕಡಿಮೆ ನೆನಪಿನಿಂದ.

ಶುರು ಮಾಡಿದ್ದು ಕೈಗಡಿಯಾರದಿಂದ. ಹದಿನಾಲ್ಕು ಸಾವಿರ ಹೋಯಿತು. ರಾತ್ರಿಯ ಸರಾಸರಿ ಏನೋ ತೋರಿಸುತ್ತಿತ್ತು, ಆದರೆ ಬೆಳಗ್ಗೆ ಎದ್ದ ಕೂಡಲೇ ಅಳೆದರೆ ಒಂದಕ್ಕೊಂದು ತಾಳೆಯಿಲ್ಲ. ಫೋನಿನ ಕ್ಯಾಮೆರಾಕ್ಕೆ ಬೆರಳಿಟ್ಟು ನೋಡುವ ಆ್ಯಪ್ ಹಾಕಿಕೊಂಡೆ. ಜುಲೈ ತಿಂಗಳು, ಬೆಳಗಿನ ಆರು ಗಂಟೆ, ಮೂರು ದಿನದಿಂದ ಕರೆಂಟಿಲ್ಲ, ಹೊರಗೆ ಧೋ ಮಳೆ. ಬೆರಳು ಕೈಯಲ್ಲಿದೆ ಅನ್ನುವುದೇ ಗೊತ್ತಾಗದಷ್ಟು ಚಳಿ. ಒಮ್ಮೆ 28, ಎರಡು ನಿಮಿಷ ಬಿಟ್ಟು 90. ಚಳಿಗೆ ಬೆರಳಿನ ರಕ್ತನಾಳ ಮುದುಡಿದರೆ ಬೆಳಕಿನಿಂದ ಬಡಿತ ಹಿಡಿಯುವ ಉಪಕರಣಕ್ಕೆ ಹಿಡಿಯಲು ಏನೂ ಉಳಿಯುವುದಿಲ್ಲ. ಒಲೆಯ ಮುಂದೆ ಕೈ ಕಾಯಿಸಿಕೊಂಡು ಅಳೆದೂ ನೋಡಿದೆ. ಅಂಕಿ ಸ್ವಲ್ಪ ನೆಟ್ಟಗಾಯಿತು, ಆದರೆ ಅಷ್ಟರಲ್ಲಿ ಎದ್ದು ಓಡಾಡಿ ಆಗಿರುತ್ತಿತ್ತು.

ಆಮೇಲೆ 2,200 ರೂಪಾಯಿಯ ಒಂದು ಎದೆಪಟ್ಟಿ. ನನಗೆ ಹೆಚ್ಚು ನಷ್ಟ ಮಾಡಿದ್ದು ಇದೇ. ಒಂದು ದಿನ 185 ತೋರಿಸಿತು. ಹಿಂದಿನ ದಿನ 39 ಇದ್ದದ್ದು! ದೇಹ ಚಿನ್ನವಾಗಿದೆ ಅಂತ ಮೈದಾನಕ್ಕೆ ಹೋಗಿ ಹತ್ತು ಸ್ಪ್ರಿಂಟ್ ಹೊಡೆದೆ. ಒಂಬತ್ತನೆಯದಕ್ಕೇ ತೊಡೆ ಚುಳ್ ಅಂದಿತ್ತು, ಕೇಳಲಿಲ್ಲ. ಫಿಸಿಯೋಗೆ ಆರು ಸಾವಿರ. ಮನೆಗೆ ಬಂದು ಆ ದಿನದ ಬಡಿತಗಳ ನಡುವಿನ ಅಂತರಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಸಾವಿರ ಮಿಲಿಸೆಕೆಂಡು, ಸಾವಿರದ ಮೂವತ್ತು, ನಡುವೆ ಒಂದು ಕಡೆ ಎರಡು ಸಾವಿರ. ಪಟ್ಟಿ ಒಣಗಿತ್ತು, ಒಂದು ಬಡಿತ ತಪ್ಪಿಸಿಕೊಂಡಿತ್ತು, ಅಷ್ಟೇ. ಒಂದು ನಿಮಿಷದ ದಾಖಲೆಯಲ್ಲಿ ಒಂದೇ ಒಂದು ಬಡಿತ ತಪ್ಪಿದರೂ 40 ಇದ್ದದ್ದು 180 ದಾಟುತ್ತದೆ. ಬೇಕಾದರೆ ಲೆಕ್ಕ ಹಾಕಿ ನೋಡಿ. ಅಂದಿನಿಂದ ಸರಾಸರಿ ಅಂಕಿಗೂ ಮುಂಚೆ ಬಡಿತಗಳ ಗೆರೆಯನ್ನು ಕಣ್ಣಾರೆ ನೋಡುತ್ತೇನೆ.

ಕೊನೆಗೆ ಪೋಲಾರ್ ಎಚ್10 ಅನ್ನುವ ಎದೆಪಟ್ಟಿ ತಗೊಂಡೆ. ಒಂದು ಮೂಟೆ ರೋಬಸ್ಟಾ ಕಾಫಿ ಚೆರಿಯ (ಒಣಗಿಸಿದ ಹಣ್ಣಿನ) ದುಡ್ಡು. ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ಪಟ್ಟಿಯನ್ನು ಒದ್ದೆ ಮಾಡಿ ಕಟ್ಟಬೇಕು, ವಾರಕ್ಕೊಮ್ಮೆಯಾದರೂ ಬೆವರಿನ ಉಪ್ಪು ತೊಳೆಯಬೇಕು. ನೀರಿನ ಬದಲು ನಾನು ಹಚ್ಚುವ ವಸ್ತು ಬೇರೆ ಇದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪಟ್ಟಿ ಸರಿಯಾದ ಮೇಲೂ ಅಂಕಿ ಕುಣಿಯುತ್ತಿತ್ತು. ಮಲಗಿ ಅಳೆದರೆ 45, ಮಂಚದ ಅಂಚಿಗೆ ಕೂತರೆ 38, ನಿಂತರೆ 20ರ ಆಸುಪಾಸು. ಎಲ್ಲ ಹತ್ತೇ ನಿಮಿಷದಲ್ಲಿ, ಅದೇ ಮನುಷ್ಯ! ಮೊದಲ ಆರು ತಿಂಗಳು ಒಂದು ದಿನ ಮಲಗಿ, ಒಂದು ದಿನ ಕೂತು ಅಳೆದ ನೋಟ್‌ಬುಕ್ ಈಗ ಒಲೆ ಹಚ್ಚಲಿಕ್ಕೂ ಲಾಯಕ್ಕಿಲ್ಲ. ಈಗ ಕೂತೇ ಅಳೆಯುತ್ತೇನೆ. ಎದ್ದು, ಮೂತ್ರ ಮಾಡಿ ಬಂದು (ಮೂತ್ರ ಕಟ್ಟಿಕೊಂಡು ಕೂತ ದಿನ ಅಂಕಿ ಕೆಟ್ಟದಾಗಿ ಬಂದದ್ದನ್ನು ನಾಲ್ಕೈದು ಸಲ ನೋಡಿದ್ದೇನೆ), ಕಾಫಿಗೆ ಮುಂಚೆ, ಮೂರು ನಿಮಿಷ. ಮೊದಲ ನಿಮಿಷ ಬಿಸಾಕಿ ಉಳಿದೆರಡರ ಲೆಕ್ಕ. ಯುರೋಪ್ ಮತ್ತು ಅಮೆರಿಕದ ತಜ್ಞರು 1996ರಲ್ಲಿ ಹಾಕಿಕೊಟ್ಟ ಮಾನದಂಡ ಐದು ನಿಮಿಷದ್ದು. ಕೆಲಸದಾಳುಗಳು ಬಂದು ಬಾಗಿಲಲ್ಲಿ ನಿಲ್ಲುವ ಮನೆಯಲ್ಲಿ ಐದು ನಿಮಿಷ ಮಾತಾಡದೆ ಕೂರುವುದು ನನ್ನಿಂದಾಗದು.

ಉಸಿರಿನದ್ದು ಇನ್ನೊಂದು ಮೋಸ. ನಿಮಿಷಕ್ಕೆ ಆರು ಉಸಿರಿನ ಲೆಕ್ಕದಲ್ಲಿ ನಿಧಾನ ಎಳೆದು ಬಿಟ್ಟರೆ ಅಂಕಿ ಏರಿಬಿಡುತ್ತದೆ, ಬಡಿತದ ಅಂತರಗಳ ಒಟ್ಟು ಏರಿಳಿತ ಹೇಳುವ ಇನ್ನೊಂದು ಅಂಕಿ, ಎಸ್‌ಡಿಎನ್‌ಎನ್, ಅಂತೂ ಮುಗಿಲು ಮುಟ್ಟುತ್ತದೆ. ಒಂದು ವಾರ ಹಾಗೆ ಮಾಡಿ ವಾಟ್ಸಾಪ್‌ನಲ್ಲಿ ಜಂಬ ಕೊಚ್ಚಿಕೊಂಡೆ. ಅಳೆಯುವಾಗ ಉಸಿರಾಟವನ್ನು ಅದರ ಪಾಡಿಗೆ ಬಿಡಬೇಕು.

ಕಾಫಿಯ ಪರೀಕ್ಷೆಯನ್ನೂ ಮಾಡಿದೆ, ಬೆಳೆಗಾರನಾಗಿ ಮಾಡದೆ ಇರಲಾದೀತೇ? ನಮ್ಮ ತೋಟದ ರೋಬಸ್ಟಾ, ಬೆಲ್ಲದ ಕಾಪಿ, ಕುಡಿಯುವ ಮುಂಚೆ ಒಂದು ಅಳತೆ, ಮುಕ್ಕಾಲು ಗಂಟೆ ಬಿಟ್ಟು ಇನ್ನೊಂದು. ಹನ್ನೆರಡು ದಿನ. ಏರಿದ್ದೂ ಉಂಟು, ಇಳಿದದ್ದೂ ಉಂಟು. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು, ಆದರೂ ನನ್ನ ಎದೆ ಕ್ಯಾರೇ ಅನ್ನಲಿಲ್ಲ.

ಮದ್ಯ ಹಾಗಲ್ಲ. ಮದುವೆ ಮನೆಯಲ್ಲಿ ಪಂದಿಕರಿ, ಕಡಂಬುಟ್ಟು, ಮೂರು ಪೆಗ್, ಮಲಗುವಾಗ ರಾತ್ರಿ ಒಂದು ಗಂಟೆ. ಬೆಳಗ್ಗೆ 41ರಿಂದ 23ಕ್ಕೆ, ನಾಡಿ 54ರಿಂದ 64ಕ್ಕೆ. ಹಳ್ಳದಿಂದ ಮೇಲೆ ಬರಲು ಎರಡು ದಿನ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುವ ಸೆಪ್ಟೆಂಬರ್ ಮೊದಲ ವಾರದ ಪುಟ ತೆರೆದರೆ ಗೆರೆ ನೇರ ಪಾತಾಳಕ್ಕೆ.

ನಿದ್ದೆಯ ಪಾಠ ಕಲಿಸಿದ್ದು ಸ್ಪ್ರಿಂಕ್ಲರ್. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ, ಮಾರ್ಚ್, ತೋಟಕ್ಕೆ ನೀರು ಹಾಯಿಸಲು ರಾತ್ರಿಯೆಲ್ಲಾ ಪಂಪು. ಎರಡು ಗಂಟೆಗೆ ಎದ್ದು ಪೈಪು, ಜೆಟ್ ಬದಲಿಸಬೇಕು. ಆರು ರಾತ್ರಿ ಆಗುವಷ್ಟರಲ್ಲಿ ವಾರದ ಸರಾಸರಿ 38ರಿಂದ 27ಕ್ಕೆ. ಹಿಂದಿನ ವರ್ಷಗಳಲ್ಲಿ ನನ್ನ ತೊಡೆ ಕೈಕೊಟ್ಟದ್ದೆಲ್ಲ ಇಂಥ ವಾರಗಳ ಬೆನ್ನಿಗೇ ಅನ್ನುವುದು ಆಗ ಹೊಳೆಯಿತು. ಹಗಲೆಲ್ಲ ತೋಟ, ಸಂಜೆ ಅಭ್ಯಾಸ, ನಡುವೆ ನಿದ್ದೆ ಇಲ್ಲ. ಈ ವರ್ಷ ನೀರು ಹಾಕುವ ಹತ್ತು ದಿನ ಸ್ಪ್ರಿಂಟ್ ಪೂರ್ತಿ ಬಿಟ್ಟೆ, ಬರೀ ಸ್ಟಿಕ್ ಕೆಲಸ. ಎಷ್ಟು ಇಳಿದರೆ ಎಷ್ಟು ಕಡಿತ ಅನ್ನುವ ನನ್ನ ಕೋಷ್ಟಕವನ್ನು ಮುಂದಿನ ಟೂರ್ನಿ ಮುಗಿದ ಮೇಲೆ ಹೇಳುತ್ತೇನೆ, ಬೇರೆ ಒಕ್ಕದವರೂ ಇದನ್ನು ಓದುತ್ತಾರೆ. ಇಷ್ಟು ಮಾತ್ರ ಹೇಳಬಲ್ಲೆ: ಒಂದು ದಿನದ ಅಂಕಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ಏಳು ದಿನದ ಸರಾಸರಿ ಎತ್ತ ಹೋಗುತ್ತಿದೆ ಅಂತ ನೋಡುತ್ತೇನೆ.

ಇಳಿದದ್ದೆಲ್ಲ ಕೆಟ್ಟದ್ದು, ಏರಿದ್ದೆಲ್ಲ ಒಳ್ಳೆಯದು ಅಂತಲೂ ಇಲ್ಲ. ಒಂದೇ ವಾರದಲ್ಲಿ ಎರಡು ಸಲ ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿದೆ. ಮರುದಿನ ಕಾಲು ಕೊರಡು, ಅಂಕಿ 62! ದೇಹ ಸೋತು ಬ್ರೇಕ್ ಅದುಮಿದಾಗಲೂ ಹೀಗೆ ಏರುವುದುಂಟು. ಮಳೆಗಾಲದಲ್ಲೊಮ್ಮೆ 38ರಿಂದ 26ಕ್ಕೆ ಬಿತ್ತು, ನಾಡಿ ಏಳು ಜಾಸ್ತಿ, ಮೈಯಲ್ಲಿ ಏನೂ ಇಲ್ಲ. ಮೂರನೇ ದಿನ 101 ಡಿಗ್ರಿ ಜ್ವರ. ಹಾಗೆ ಬಿದ್ದು ಏನೂ ಆಗದ ದಿನಗಳೂ ಇವೆ, ಅವನ್ನು ಸುಬೇದಾರ್ ಅಣ್ಣ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ.

ಹೋದ ತಿಂಗಳು ಅವರೇ ಬಂದರು. "ಎಲ್ಲಿ, ಆ ಬೆಲ್ಟ್ ಕೊಡು ನೋಡುವಾ." ಕಟ್ಟಿದೆ, ಕೂರಿಸಿದೆ. ಮೂರು ನಿಮಿಷದಲ್ಲಿ ನಾಲ್ಕು ಸಲ ಮಾತಾಡಿದರು. 19 ಬಂತು. "ನಿಂದೆಷ್ಟು?" ಅಂದರು. "ಅಣ್ಣ, ನಿಮ್ಮ ವಯಸ್ಸಿಗೂ ನನ್ನದಕ್ಕೂ ಹೋಲಿಸಬಾರದು, ನಿಮ್ಮದನ್ನು ನಿಮ್ಮದರ ಜೊತೆಗೇ ನೋಡಬೇಕು" ಅಂದೆ. ಮರುದಿನ ಆರಕ್ಕೆಲ್ಲ ಅವರ ಜೀಪು ಅಂಗಳದಲ್ಲಿತ್ತು, ಕಾಫಿ ಕುಡಿಯದೇ ಬಂದಿದ್ದರು.