ಮಿತ್ರ ದೇಶಗಳ ಸುಂಕದ ಜಗಳ ಬಿಡಿಸುವುದು ಹೇಗೆ

ಮಿತ್ರ ದೇಶವೇ ನಮ್ಮ ಸರಕಿಗೆ ಸುಂಕ ಹಾಕಿದರೆ ಸಿಟ್ಟು ಜಾಸ್ತಿ ಬರುತ್ತದೆ. ಆ ಸಿಟ್ಟಿನಲ್ಲಿ ಸೇನೆಯ ಖರ್ಚು, ಗಡಿ, ಹಳೇ ಲೆಕ್ಕ ಎಲ್ಲವನ್ನೂ ಒಂದೇ ಮೇಜಿಗೆ ತರಬೇಡಿ. ಜಗಳ ಉಕ್ಕಿನದಾದರೆ ಉಕ್ಕಿನ ಬಗ್ಗೆಯೇ ಮಾತಾಡಿ.

ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಹೋದರೆ ಮೊದಲ 60 ದಿನ ಇರುವುದೇ ಮಾತುಕತೆಗೆ. ಅದನ್ನು ಸುಮ್ನೆ ಕಳೆಯಬೇಡಿ. ಆ ಕಡೆಯವರು ತಮ್ಮ ಜನರಿಗೆ ಏನು ತೋರಿಸಬೇಕಾಗಿದೆ, ಯಾವ ಕಾರ್ಖಾನೆಗಾಗಿ ಇಷ್ಟು ಹಟ ಹಿಡಿದಿದ್ದಾರೆ ಅಂತ ನೇರವಾಗಿ ಕೇಳಿ.

ತೀರ್ಪನ್ನೇ ನಂಬಿ ಕೂರುವುದು ಈಗ ಕಷ್ಟ. ಅಮೆರಿಕ ಹೊಸ ನೇಮಕಗಳಿಗೆ ಒಪ್ಪದೆ 2019ರ ಡಿಸೆಂಬರ್‌ನಿಂದ ಆ ಸಂಸ್ಥೆಯ ಮೇಲ್ಮನವಿ ಮಂಡಳಿ ನಿಂತುಹೋಗಿದೆ. ಸೋತವರು ಮೇಲ್ಮನವಿ ಹಾಕಿದರೆ ಸಾಕು, ಕಡತ ಅಲ್ಲೇ ಕೊಳೆಯುತ್ತದೆ. ಹಾಗಾಗಿ ದೂರು ವಿಚಾರಣೆಗೆ ಹೋಗುವ ಮೊದಲೇ, ತೀರ್ಪು ಯಾರ ಕಡೆ ಬಂದರೂ ಹಾಗೆ ಮಾಡುವುದಿಲ್ಲ ಅಂತ ಇಬ್ಬರೂ ಬರೆದು ಕೊಡಿ. ಯುರೋಪಿಯನ್ ಒಕ್ಕೂಟ, ಕೆನಡಾ ಮತ್ತಿತರರು 2020ರಲ್ಲಿ ತಮ್ಮೊಳಗೇ ಬದಲಿ ಮೇಲ್ಮನವಿ ವ್ಯವಸ್ಥೆ ಮಾಡಿಕೊಂಡಿದ್ದಾರೆ.

ಪ್ರತಿಸುಂಕ ಹಾಕಲೇಬೇಕಾದರೆ, ನಿಮ್ಮವರಿಗೆ ಬೇರೆ ಕಡೆಯಿಂದಲೂ ಸಿಗುವ ಸರಕನ್ನೇ ಆರಿಸಿ. 2018ರಲ್ಲಿ ಅಮೆರಿಕ ಉಕ್ಕಿಗೆ ಶೇ. 25, ಅಲ್ಯೂಮಿನಿಯಂಗೆ ಶೇ. 10 ಸುಂಕ ಹಾಕಿದಾಗ ಯುರೋಪ್ ಅಲ್ಲಿನ ಬೂರ್ಬನ್ ವಿಸ್ಕಿ, ಮೋಟಾರ್ ಸೈಕಲ್ ಮೇಲೆ ಕೈ ಇಟ್ಟಿತು. ಪ್ರತಿಸುಂಕವನ್ನು ಯಾವಾಗ ತೆಗೆಯುತ್ತೀರಿ ಅನ್ನುವುದನ್ನೂ ಅದೇ ದಿನ ಹೇಳಿಬಿಡಿ. ವಿಮಾನದ ಸಬ್ಸಿಡಿಗಾಗಿ 2004ರಲ್ಲಿ ಶುರುವಾದ, ಯುರೋಪಿನ ಏರ್‌ಬಸ್ ಮತ್ತು ಅಮೆರಿಕದ ಬೋಯಿಂಗ್ ಕಂಪನಿಗಳ ಜಗಳ ನೋಡಿ: ಕೊನೆಗೆ ವೈನ್, ಚೀಸ್ ಮಾಡುವವರೂ ಸುಂಕ ತೆತ್ತರು, ಅವರೇನು ವಿಮಾನ ಕಟ್ಟಿದವರಲ್ಲ ಅಲ್ವಾ? 2021ರಲ್ಲಿ ಐದು ವರ್ಷದ ಕದನವಿರಾಮ ಆಗುವ ಹೊತ್ತಿಗೆ 17 ವರ್ಷ ಕಳೆದಿತ್ತು.

ನನಗೆ ಸರಿ ಅನ್ನಿಸುವ ಮಾದರಿ 2019ರ ಮೇ ತಿಂಗಳದ್ದು. ಅಮೆರಿಕ ಉಕ್ಕು, ಅಲ್ಯೂಮಿನಿಯಂ ಸುಂಕ ತೆಗೆಯಿತು, ಕೆನಡಾ ಮತ್ತು ಮೆಕ್ಸಿಕೊ ಪ್ರತಿಸುಂಕ ತೆಗೆದವು. ಆಮದು ಏಕಾಏಕಿ ಏರಿದರೆ ಮೊದಲು ಮಾತಾಡಬೇಕು, ಆಮೇಲೂ ಸುಂಕ ಬಂದರೆ ತಿರುಗೇಟು ಅದೇ ಲೋಹದ ಸರಕುಗಳ ಮೇಲೆ ಮಾತ್ರ, ಅಂದರೆ ಉಕ್ಕಿನ ಸಿಟ್ಟು ರೈತನ ತಲೆಗೆ ಬರಬಾರದು ಅಂತ ಒಪ್ಪಿಕೊಂಡರು. ಅಷ್ಟೂ ಆಗದಿದ್ದರೆ ಕೋಟಾ ಇದೆ. 2021ರಲ್ಲಿ ಅಮೆರಿಕಕ್ಕೆ ಬರುವ ಯುರೋಪಿನ 33 ಲಕ್ಷ ಟನ್ ಉಕ್ಕಿಗೆ ವರ್ಷಕ್ಕೆ ಸುಂಕವಿಲ್ಲ, ಅದಕ್ಕಿಂತ ಹೆಚ್ಚಾದರೆ ಉಂಟು ಅಂತ ರಾಜಿಯಾಯಿತು.

ಕೊನೆಯದಾಗಿ, ದಯವಿಟ್ಟು ಮುಗಿಯುವ ದಿನಾಂಕ ಬರೆಯಿರಿ. ಯುರೋಪ್ ಕೋಳಿ ಮಾಂಸಕ್ಕೆ ಸುಂಕ ಏರಿಸಿತು ಅಂತ ಅಮೆರಿಕ 1964ರಲ್ಲಿ ಸಣ್ಣ ಟ್ರಕ್‌ಗಳಿಗೆ ಹಾಕಿದ ಶೇ. 25 ಸುಂಕ ಅರವತ್ತು ವರ್ಷವಾದರೂ ಹೋಗಲಿಲ್ಲ. ಆ ದಿನ ಬಂದಾಗ ಇಬ್ಬರೂ ಕೂತು ಸಹಿ ಹಾಕಿದರೆ ಮಾತ್ರ ಸುಂಕ ಮುಂದುವರಿಯಲಿ, ಇಲ್ಲದಿದ್ದರೆ ತಾನಾಗಿಯೇ ಬಿದ್ದುಹೋಗಲಿ.